ಮೂರು ಚುಕ್ಕೆ

ಸಿಂಧನೂರಿನ ಕುಷ್ಟಗಿ ರಸ್ತೆಯಲ್ಲಿ
ತಗಡಿನ ಬೇಲಿಯೊಳಗೆ ಹನ್ನೊಂದು ಜೇಸೀಬಿ,
ಬಕೆಟ್ಟು ನೆಲಕ್ಕೂರಿ ಸಾಲಾಗಿ ಕೂತಿದ್ದವು
ಎಲೆ ಹಾಕಿದ್ದಾರೆ, ಬಡಿಸುವವರು ಬಂದಿಲ್ಲ ಎಂಬ ಹಾಗೆ.

ಒಳಜೇಬಿನಲ್ಲಿ ಐದು ಲಕ್ಷ ತೊಂಬತ್ತು ಸಾವಿರ.
ಜನರೇಟರ್ ಮಾರಿದ್ದು, ಚೀಟಿ ಎತ್ತಿದ್ದು,
ಈರಮ್ಮನ ಸಂಘದ್ದು. ಅದರ ಕಂತು ಮಂಗಳವಾರ.
ಇದರ ಮೇಲೆ ಒಂದು ರೂಪಾಯಿ ಕೇಳಿದರೂ
ಸುಮ್ಮನೆ ಕಾರಟಗಿ ಬಸ್ ಹತ್ತು, ಅಂದಿದ್ದಳು.

ಜೊತೆಗೆ ಕಾಸೀಮಸಾಬ.
ಇಪ್ಪತ್ತೆರಡು ವರ್ಷ ಲಿವರ್ ಹಿಡಿದ ಕೈ
ಈಗ ಟೀ ಲೋಟಕ್ಕೂ ನಡುಗುತ್ತದೆ.
ಆ ಕೈಯನ್ನೇ ಬಾನೆಟ್ಟಿನ ಮೇಲಿಟ್ಟು,
"ಬೆಚ್ಚಗೈತಲ್ಲ ರಾಜು,
ನಾವು ಬರೂಕಿಂತ ಮುಂಚೇನ ಯಾರು ಎಬ್ಬಿಸಿದ್ರು ಇದನ್ನ?"
ಸುಬ್ಬರಾಜು ನಕ್ಕು, ಆರಲು ಬಿಟ್ಟರು.

ಮೀಟರು ನಾಲ್ಕು ಸಾವಿರ ತಾಸು ಅಂತಿತ್ತು.
ಪೆಡಲ್ ನೋಡು, ಅಂದ ಸಾಬ.
ರಬ್ಬರು ಎಂದೋ ಹೋಗಿ
ಕಬ್ಬಿಣ ಹಿಮ್ಮಡಿಯಷ್ಟು ನುಣುಪಾಗಿತ್ತು.
ಮೀಟರಿಗೆ ಯಾರಾದರೂ ಬೆರಳು ಹಾಕಬಹುದು,
ಪಾದದ ಲೆಕ್ಕ ತಿದ್ದುವವರು ಯಾರು?

ಬೂಮ್ ಮೇಲೆತ್ತಿ ಇಂಜಿನ್ ಬಂದು ಮಾಡಿಸಿದ.
ಒಗ್ಗರಣಿ, ಎರಡು ಮಿರ್ಚಿ ಮುಗಿಯುವಷ್ಟರಲ್ಲಿ
ನಾಲ್ಕು ಬೆರಳು ಇಳಿದಿತ್ತು, ಯಾರೂ ಮುಟ್ಟದೆ.
"ಸೀಲು ಹೋಗ್ಯಾವ."
ಆರು ಎಂಬತ್ತು, ಆರು ನಲವತ್ತಾಯಿತು.
ಇನ್ನೂ ಐವತ್ತು ಸಾವಿರ ದೂರ.

ಆಗ ಕಂಡಿತು.
ಬೂಮಿನ ಎಡಗಡೆ, ಮೊಣಕೈ ಬಾಗುವಲ್ಲಿ,
ಮೂರನೇ ಸಲ ಬಳಿದ ಹಳದಿಯ ಕೆಳಗೆ
ಗೇಣುದ್ದದ ತೇಪೆ.
ಬೆರಳಾಡಿಸಿದೆ. ಕೊನೆಯಲ್ಲಿ ಮೂರು ಚುಕ್ಕೆ.

ನಮ್ಮಜ್ಜ ಮಾನಪ್ಪ ಪ್ರತಿ ಕುಳದ ಬುಡಕ್ಕೆ
ಉಳಿಯಿಂದ ಮೂರು ಚುಕ್ಕೆ ಹೊಡೆಯುತ್ತಿದ್ದ,
ಮುರಿದರೆ ನನ್ನ ಹತ್ತಿರವೇ ಬರಲಿ ಅಂತ.
ಒಂದೂ ಮುರಿಯಲಿಲ್ಲ,
ಅದಕ್ಕೇ ಬಡವನಾಗಿ ಸತ್ತ, ಅನ್ನುತ್ತಿದ್ದಳು ಅಜ್ಜಿ.

ಒಂಬತ್ತು ವರ್ಷದ ಹಿಂದೆ, ಎಡದಂಡೆ ಕಾಲುವೆಯೊಳಗೆ,
ಬೆಳಗಾದರೆ ನೀರು ಬಿಡುತ್ತಾರೆ ಎಂಬ ರಾತ್ರಿ
ಅಂಗಾತ ಮಲಗಿ, ಕೊರಳೊಳಗೆ ಕಿಡಿ ಇಳಿಯುತ್ತಿದ್ದರೂ
ಹಳೇ ಲಾರಿಯ ಚಾಸಿ ಕತ್ತರಿಸಿ ಕೂಡಿಸಿದ್ದೆ.
ಹದಿನೆಂಟು ನೂರು ಮಾತು. ಕೈಗೆ ಬಂದದ್ದು ಆರುನೂರು.

ಸಾಬನಿಗೆ ಇದೇನು ಗೊತ್ತು.
"ಇಗಾ, ಬೂಮ್ ಒಡದದ್ದು! ಯಾವನೋ ರಸ್ತಾದಾಗಿನವ ಹಚ್ಚ್ಯಾನ.
ನೀನು ವೆಲ್ಡಿಂಗಿನವ, ನೀನ ಹೇಳು."

ಪಿನ್ನು, ಬುಷ್ಷು, ಸೀಲು, ಪಂಪು
ಎಲ್ಲ ಸೋತ ಈ ಮೈಯಲ್ಲಿ
ಸೋಲದೆ ಉಳಿದದ್ದು ಆ ಒಂದು ಗೇಣು.
ನಿಜಕ್ಕೆ ಐವತ್ತು ಸಾವಿರ ಬೆಲೆ,
ಕೊಡಬೇಕಾದವನು ನಾನು.

"ಕಚ್ಚಾ ಕೆಲಸ," ಅಂದೆ.
"ರಾಡ್ ಒಣಗಿಸಿಲ್ಲ. ಒಳಗ ಗಾಳಿ ಕುಂತೈತಿ.
ಇನ್ನೊಂದು ಮಳಿಗಾಲ ತಡದ್ರ ಹೆಚ್ಚು."
ಎಲ್ಲೋ ಒಬ್ಬ ಮುದುಕ
ಇಕ್ಕಳ ಕೆಳಗಿಟ್ಟ ಸದ್ದು.

ಸುಬ್ಬರಾಜು ಕಾಣದ ವೆಲ್ಡರನ್ನು ಬೈದರು:
ರೊಕ್ಕ ತಗೊಂಡು ಹಿಂಗ ಮಾಡ್ತಾರ ನೋಡ್ರಿ.
"ಅಂಥವರಿಗೆ ಕೊಟ್ಟದ್ದೇ ಹೆಚ್ಚು," ಅಂದೆ.
ಐದು ತೊಂಬತ್ತಕ್ಕೆ ಕೈ ಕೂಡಿತು.
ಡೀಸೆಲ್ಲಿಗೆ ಸಾಬ ಟೊಪ್ಪಿಗೆಯೊಳಗಿಂದ
ಎರಡು ಐನೂರರ ನೋಟು ತೆಗೆದ.

ಕಾರಟಗಿ ಮುಟ್ಟುವಾಗ ರಾತ್ರಿ ಹತ್ತು.
ಮುಂದಿನ ಒಂದು ಲೈಟು ಮಾತ್ರ ಉರಿಯುತ್ತಿತ್ತು.
ಈರಮ್ಮ ಬ್ಯಾಟರಿ ಹಿಡಿದು ಸುತ್ತು ಬಂದಳು,
ಕುಂಕುಮದ ಬೆರಳಿಗೆ ಜಾಗ ಹುಡುಕುತ್ತ.
ಬಕೆಟ್ಟಿಗೆ ಬೇಡ, ಬಾನೆಟ್ಟಿಗೆ ಬೇಡ,
ಇಲ್ಲಿ ಹಚ್ಚು, ಅಂದೆ.

"ಇಲ್ಲಿ ಒಡದೈತಲ್ಲ?"

ಹೂಂ, ಅಂದೆ.